ಇಳಿಜಾರಿನ ಗೊಬ್ಬರ

ಹಿರಿಸೊಸೆ: ಕಳ್ಳತನ ಅನ್ನದೆ ಇನ್ನೇನು ಅನ್ನಲಿ? ಮೂರು ವರ್ಷದಿಂದ ಗೊಬ್ಬರ ಹಾಕೋಳು ನಾನು, ಹಸಿರಾಗೋದು ನಿನ್ನ ಹುಲ್ಲು!

ಕಿರಿಸೊಸೆ: ನಾನೇನು ಬಂದು ಬಾಚಿಕೊಂಡು ಹೋದೆನಾ ಅಕ್ಕ? ಅದಾಗೇ ಇಳಿದು ಬಂತು.

ಒಂದೇ ಕಾಂಪೌಂಡಿನಲ್ಲಿ ಎರಡು ಮನೆ, ಎದುರಿಗೆ ಗೇಟಿನ ತನಕ ಇಳಿಜಾರಾದ ಹುಲ್ಲುಹಾಸು. ಮೇಲಿನರ್ಧ ಹಿರಿಸೊಸೆಯದು, ಕೆಳಗಿನರ್ಧ ಕಿರಿಸೊಸೆಯದು. ಮಳೆಗಾಲ ಇನ್ನೇನು ಬಂತು ಅನ್ನುವಾಗ ಹಿರಿಯವಳು ಗೊಬ್ಬರ ಚೆಲ್ಲುವಳು. ಮೊದಲ ಮಳೆಗೇ ಅದು ತೊಳೆದುಕೊಂಡು ಕೆಳಗಿಳಿಯುವುದು. ಗೇಟು ತೆಗೆದು ಬಂದವರು ಕೆಳಗೆ ನಿಂತು ‘ಆಹಾ’ ಅನ್ನುವರು, ಮೇಲೆ ನೋಡಿ ಸುಮ್ಮನಾಗುವರು. ಒಂದೇ ಒಂದು ಸಲ ತನ್ನ ಹುಲ್ಲಿಗೂ ಯಾರಾದರೂ ‘ಆಹಾ’ ಅನ್ನಲಿ ಎಂದು ಅವಳ ಜೀವ ಒದ್ದಾಡುವುದು ಅತ್ತೆಗೆ ಗೊತ್ತಿತ್ತು. ಅವರು ಹುಲ್ಲಿನ ಪಕ್ಕದ ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತ ಕೂತಿದ್ದರು.

ಅತ್ತೆ: ಮಳೆ ಜೋರು ನಿಂತ ಮೇಲೆ ಹಾಕಮ್ಮ. ನೆಲದಲ್ಲಿ ಹಸಿ ಇರುತ್ತೆ, ಗೊಬ್ಬರ ಬಿದ್ದಲ್ಲೇ ಇರುತ್ತೆ.

ಹಿರಿಸೊಸೆ: ನೀವು ಅವಳ ಪರ ವಹಿಸಬೇಡಿ ಅತ್ತೆ.

ಅತ್ತೆ: ನಾನು ಮಳೆ ವಿಷಯ ಹೇಳಿದ್ದು.

ಕಿರಿಸೊಸೆ: ನೋಡಿದ್ರಾ ಅಕ್ಕ, ಅತ್ತೇನೂ ತಪ್ಪೆಲ್ಲ ಮಳೆದೇ ಅಂತಿದ್ದಾರೆ.

ಅತ್ತೆ: ನಾನು ಹಾಗೂ ಹೇಳಲಿಲ್ಲ.

ಕಿರಿಸೊಸೆ: ಅಷ್ಟಕ್ಕೂ ಕಷ್ಟ ಯಾರಿಗೆ? ನಿಮ್ಮ ಗೊಬ್ಬರದಿಂದ ವಾರಕ್ಕೆರಡು ಸಲ ಹುಲ್ಲು ಕತ್ತರಿಸಬೇಕು. ಆ ಮೆಷಿನ್ನು ತಳ್ಳಿ ತಳ್ಳಿ ನನ್ನ ಸೊಂಟ ಬಿದ್ದುಹೋಗಿದೆ. ನಾನು ಒಂದು ದಿನ ಬಂದು ಕೇಳಿದೀನಾ?

ಹಿರಿಸೊಸೆ: ನನ್ನ ಗೊಬ್ಬರ ತಿಂದು ನಿನ್ನ ಸೊಂಟ ಬಿತ್ತಾ?

ಕಿರಿಸೊಸೆ: ತಿಂದಿದ್ದು ಹುಲ್ಲು. ಬಿದ್ದಿದ್ದು ಸೊಂಟ.

ಒಬ್ಬಳ ಗೊಬ್ಬರ, ಇನ್ನೊಬ್ಬಳ ಸೊಂಟ. ಯಾರ ಕಡೆ ಸೇರಬೇಕೆಂದು ಅತ್ತೆಗೆ ತಿಳಿಯಲಿಲ್ಲ. ಪುಣ್ಯಕ್ಕೆ ಕೂತಿದ್ದು ನಡುವಿನ ಮೆಟ್ಟಿಲಲ್ಲೇ.

ಹಿರಿಸೊಸೆ: ಹಾಗಾದ್ರೆ ಬದಲಾಯಿಸಿಕೊಳ್ಳೋಣ. ಕೆಳಗಿಂದು ನನಗೆ, ಮೇಲಿಂದು ನಿನಗೆ.

ಕಿರಿಸೊಸೆ: ಆಗಲಿ.

ಹಿರಿಸೊಸೆ: ಯೋಚನೆ ಮಾಡಿ ಹೇಳು.

ಕಿರಿಸೊಸೆ: ಮಾಡಿದೆ.

ಹಿರಿಸೊಸೆ: ಆಮೇಲೆ ಅತ್ತೂ ಕರೆದೂ ಮಾಡಿದರೆ ವಾಪಸ್ ಕೊಡೋಳಲ್ಲ ನಾನು.

ಕಿರಿಸೊಸೆ: ಅಯ್ಯೋ, ಸತ್ಯವಾಗಿ ಕೇಳಲ್ಲ ಅಕ್ಕ.

ಅತ್ತೆ: ನಂದೊಂದು ಮಾತು...

ಹಿರಿಸೊಸೆ: ಎಲ್ಲ ಸರಿಹೋಯ್ತು ಬಿಡಿ ಅತ್ತೆ.

ಅವಳು ಚಪ್ಪಲಿ ಬಿಟ್ಟು ಕೆಳಗಿನ ದಟ್ಟ ಹುಲ್ಲಿಗೆ ಇಳಿದಳು. ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಹಾಕಿದಳು. ‘ಆಹಾ’ ಎಂದು ತಾನೇ ಅಂದುಕೊಂಡಳು. ಆಮೇಲೆ ತಲೆಯೆತ್ತಿ ನೋಡಿದಳು.

ಹಿರಿಸೊಸೆ: ಮೋಡ ಕಟ್ಟುತ್ತಿದೆ. ಬೇಗ ಹೋಗಿ ಗೊಬ್ಬರ ಹಾಕೇ.

ಕಿರಿಸೊಸೆ: ಎಲ್ಲಿಗೆ?

ಹಿರಿಸೊಸೆ: ಮೇಲೆ, ನಿನ್ನ ಭಾಗಕ್ಕೆ.

ಕಿರಿಸೊಸೆ: ನಾನ್ಯಾಕೆ ಹಾಕಲಿ? ಹಾಕಿದ್ದೆಲ್ಲ ನಿಮ್ಮ ಕಡೆ ಇಳಿದು ಹೋಗುತ್ತಲ್ಲ.

ಹಿರಿಸೊಸೆ: ಹಾಕದಿದ್ರೆ ನಿನ್ನದು ಬೋಳಾಗುತ್ತೆ!

ಕಿರಿಸೊಸೆ: ಬೋಳಾಗೇ ಇದೆ. ಅದಕ್ಕೇ ಒಪ್ಪಿದ್ದು.

ಹಿರಿಸೊಸೆ: ಮತ್ತೆ ನನ್ನ ಹುಲ್ಲಿನ ಗತಿ?

ಕಿರಿಸೊಸೆ: ನಿಮ್ಮ ಹುಲ್ಲಿಗೆ ನೀವು ಹಾಕಿಕೊಳ್ಳಿ.

ಹಿರಿಸೊಸೆ: ಇಲ್ಲಿ ಹಾಕಿದರೆ ಗೇಟು ದಾಟಿ ಮೋರಿಗೆ ಹೋಗುತ್ತಲ್ಲೇ!

ಕಿರಿಸೊಸೆ: ಹಾಗಾದ್ರೆ ಮೇಲೇ ಹಾಕಿ ಅಕ್ಕ. ನನ್ನ ಜಾಗ ಅಂತ ಸಂಕೋಚ ಪಡಬೇಡಿ.

ದೂರದಲ್ಲಿ ಗುಡುಗಿತು. ಹಿರಿಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೊಬ್ಬರದ ಮೂಟೆ ಎತ್ತಿಕೊಂಡು ಏದುಸಿರು ಬಿಡುತ್ತ ಮೇಲೆ ಹತ್ತಿದಳು. ಓರಗಿತ್ತಿಯ ಬೋಳು ಹುಲ್ಲಿಗೆ ಒಂದು ಮೂಲೆಯೂ ಬಿಡದೆ ಚೆಲ್ಲಿದಳು. ಕಿರಿಯವಳು ಅತ್ತೆಯ ಪಕ್ಕ ಕೂತು ಬಟಾಣಿಗೆ ಕೈ ಹಾಕಿದಳು. ಮೊದಲ ಹನಿ ಬಿತ್ತು.

ಹಿರಿಸೊಸೆ: ನೋಡಿದ್ರಾ ಅತ್ತೆ! ಈ ಸಲ ನನ್ನ ಗೊಬ್ಬರ ನನಗೇ ಸೇರುತ್ತೆ!

ಅತ್ತೆ: ಸೇರುತ್ತಮ್ಮ, ಸೇರುತ್ತೆ. ಈಗ ಇಳಿದು ಬಾ, ಅದು ಅವಳ ಜಾಗ.