ಸಿಂಗಾಪುರದಲ್ಲಿ ಇಳಿಯದ ದೊಡ್ಡಪ್ಪ

ಸಿಂಗಾಪುರಕ್ಕೆ ಹೋಗಿಯೂ ಸಿಂಗಾಪುರ ನೋಡದೆ ಬಂದ ಮಹಾನುಭಾವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ, ಅವರ ಪಕ್ಕದ ಎಲೆಯಲ್ಲಿ ಕೂತು ಊಟವನ್ನೂ ಮಾಡಿದ್ದೇನೆ. ಅವರು ನಮ್ಮ ದೊಡ್ಡಪ್ಪ. ಎಪ್ಪತ್ತರ ದಶಕದಲ್ಲಿ ಯಲಹಂಕದ ನಮ್ಮ ಬೀದಿಯವರು ಮೈಸೂರಿಗೆ ಹೋಗಿ ಬಂದರೂ ವಾರಗಟ್ಟಲೆ ಕತೆ ಹೇಳುತ್ತಿದ್ದರು. ಅಂಥದ್ದರಲ್ಲಿ ಇವರು ಮದ್ರಾಸಿನಿಂದ ಸಮುದ್ರ ದಾಟಿ ಹೋದರು, ಹಡಗು ಬಂದರಿನಲ್ಲಿ ನಿಂತಷ್ಟು ದಿನವೂ ಹಡಗಿನಲ್ಲೇ ಕೂತರು, ಅದೇ ಹಡಗಿನಲ್ಲಿ ವಾಪಸ್ ಬಂದರು!

ದೊಡ್ಡಪ್ಪನನ್ನು ಬಲ್ಲವರಿಗೆ ಇದರಲ್ಲಿ ಅಂಥ ಆಶ್ಚರ್ಯವೇನೂ ಕಾಣಲಿಲ್ಲ. ಒಮ್ಮೆ ಹತ್ತಿದ ಮೇಲೆ ನಡುವೆ ಇಳಿಯಬಾರದು ಎಂಬುದು ಅವರ ವ್ರತ. ಇಳಿದವರನ್ನು ಬಿಟ್ಟು ಓಡಲೆಂದೇ ಗಾಡಿಗಳು ಹೊಂಚು ಹಾಕುತ್ತಿರುತ್ತವೆ ಎಂದು ಅವರ ದೃಢ ನಂಬಿಕೆ. ಹಿಂದೂಪುರದಿಂದ ರೈಲಿನಲ್ಲಿ ಬರುವಾಗ ಅವರು ಯಲಹಂಕದಲ್ಲಿ ಇಳಿಯುತ್ತಿರಲಿಲ್ಲ. ಮನೆ ಸ್ಟೇಷನ್ನಿನಿಂದ ಕೂಗಳತೆಯಲ್ಲೇ ಇತ್ತು, ಆದರೂ ಇಳಿಯುತ್ತಿರಲಿಲ್ಲ! ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಪ್ಲಾಟ್‌ಫಾರಂ ಮೇಲೆ ಇರುವಾಗ ಗಾಡಿ ಹೊರಟುಬಿಟ್ಟರೆ? ಹಾಗಾಗಿ ಸೀದಾ ಸಿಟಿ ಸ್ಟೇಷನ್ನಿನವರೆಗೆ ಹೋಗಿ, ಗಾಡಿ ಇನ್ನು ಮುಂದೆ ಹೋಗುವುದಿಲ್ಲ ತಾನೇ ಎಂದು ಗಾರ್ಡನ್ನು ಕೇಳಿ ಖಾತ್ರಿ ಮಾಡಿಕೊಂಡು ಇಳಿದು, ಹೆಬ್ಬಾಳದ ಮೇಲೆ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದರು. ಪುಣ್ಯಕ್ಕೆ ಆ ಬಸ್ಸಿನ ಕೊನೆಯ ಸ್ಟಾಪು ಯಲಹಂಕವೇ ಆಗಿತ್ತು.

ಒಮ್ಮೆ ಮನೆಮಂದಿಯೆಲ್ಲ ಬಾಡಿಗೆ ವ್ಯಾನು ಮಾಡಿಕೊಂಡು ಹೆಸರಘಟ್ಟಕ್ಕೆ ಹೋದೆವು. ಎಲ್ಲರೂ ಕೆರೆ ಏರಿ ಹತ್ತಿದರು, ದೊಡ್ಡಪ್ಪ ವ್ಯಾನಿನಲ್ಲೇ ಕೂತರು. ಚಿತ್ರಾನ್ನ ವ್ಯಾನಿಗೇ ಹೋಯಿತು, ಮಜ್ಜಿಗೆಯೂ ಹೋಯಿತು. ಕೆರೆ ಹೇಗಿತ್ತು ದೊಡ್ಡಪ್ಪ ಎಂದು ನಾನು ಕೆಣಕಿದರೆ, ಚೆನ್ನಾಗೇ ಇತ್ತಂತೆ, ನಮ್ಮ ತಲೆಗಳು ಅಡ್ಡ ಬರದಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತಂತೆ!

ನಾವೆಲ್ಲ ನಕ್ಕೆವು. ದೊಡ್ಡಮ್ಮ ನಗಲಿಲ್ಲ. ಏರಿಯ ಮೇಲೆ ಅವರೊಬ್ಬರೇ ಸೆರಗು ಹೊದ್ದು ನಿಂತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮದುವೆಯಾದಂದಿನಿಂದ ಅವರಿಗೆ ಇದ್ದದ್ದು ಒಂದೇ ಆಸೆ. ಒಡವೆಯಲ್ಲ, ಸೀರೆಯಲ್ಲ. ಯಾವುದಾದರೂ ಒಂದು ಹೊಸ ಊರಿನಲ್ಲಿ ಈ ಮನುಷ್ಯ ತಮ್ಮ ಜೊತೆ ಇಳಿದು, ಪಕ್ಕದಲ್ಲಿ ನಡೆಯಬೇಕು. ಅಷ್ಟನ್ನೂ ನಡೆಸಿಕೊಡಲಿಲ್ಲವಲ್ಲ ಎಂದು ನನಗೆ ದೊಡ್ಡಪ್ಪನ ಮೇಲೆ ಒಳಗೊಳಗೇ ಸಿಟ್ಟಿತ್ತು.

ದೊಡ್ಡಪ್ಪ ರಿಟೈರಾದ ವರ್ಷ, ಮದ್ರಾಸಿನಲ್ಲಿ ಹಡಗಿನ ಆಫೀಸಿನಲ್ಲಿದ್ದ ದೊಡ್ಡಮ್ಮನ ತಮ್ಮ ಇಬ್ಬರಿಗೂ ಸಿಂಗಾಪುರಕ್ಕೆ ಹೋಗಿಬರುವ ಏರ್ಪಾಡು ಮಾಡಿದ. ಹಡಗು ಅಲ್ಲಿ ಕೆಲವು ದಿನ ನಿಲ್ಲುತ್ತದೆ, ಹಗಲೆಲ್ಲ ಊರು ಸುತ್ತಿ ರಾತ್ರಿ ಹಡಗಿನಲ್ಲೇ ಮಲಗಬಹುದು. ದೊಡ್ಡಮ್ಮ ಗಂಡನ ಮುಖ ನೋಡಿದರು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಆಯ್ತು ಕಣೇ. ಈ ಸಲ ಇಳೀತೀನಿ" ಎಂದರು.

ಬೀದಿಯೇ ಬೆಚ್ಚಿಬಿತ್ತು! ಎದುರುಮನೆಯ ಟೈಲರ್ ಸಾಬರು ಕೆಲಸವನ್ನೆಲ್ಲ ಬದಿಗಿಟ್ಟು ಕೋಟು ಹೊಲಿದರು. ಒಬ್ಬರಿಗೆ ರೇಡಿಯೋ, ಟೇಪು ಎರಡೂ ಇರುವ ಟೂ-ಇನ್-ಒನ್ ಬೇಕು, ಇನ್ನೊಬ್ಬರಿಗೆ ನೈಲಾನ್ ಸೀರೆ, ಮತ್ತೊಬ್ಬರಿಗೆ ಗುಂಡಿ ಒತ್ತಿದರೆ ಬಿಚ್ಚುವ ಕೊಡೆ. ದೊಡ್ಡಪ್ಪ ಇಳಿಯುವ ಅಭ್ಯಾಸವನ್ನೂ ಶುರು ಮಾಡಿದರು. ಒಂದು ಭಾನುವಾರ ನನ್ನನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿ, ಕೊಡಿಗೇಹಳ್ಳಿ ಹತ್ತಿರ ಕಣ್ಣುಮುಚ್ಚಿ ಇಳಿದೇಬಿಟ್ಟರು. ನಾವು ಇಳಿದ ಮೇಲೆ ಬಸ್ಸು ಹೊರಟುಹೋಯಿತು. ಹೋಗದೆ ಇನ್ನೇನು ಮಾಡೀತು? ದೊಡ್ಡಪ್ಪ ಮಾತ್ರ ಅದರ ಬೆನ್ನನ್ನೇ ನೋಡುತ್ತ, "ನೋಡ್ದ್ಯಾ? ನಾನ್ ಹೇಳ್ಲಿಲ್ವಾ?" ಎಂದರು.

ಅವರು ಸಿಂಗಾಪುರದಿಂದ ಬಂದ ದಿನ ಜಗುಲಿಯ ತುಂಬ ಜನ. ನೈಲಾನ್ ಸೀರೆ ಕೇಳಿದವರಿಗೂ ಬಿಸ್ಕತ್ತು, ಕೊಡೆ ಕೇಳಿದವರಿಗೂ ಬಿಸ್ಕತ್ತು, ಅದೂ ಹಡಗಿನ ಅಂಗಡಿಯದು! ತಾವು ಹೊಲಿದ ಕೋಟನ್ನು ನೋಡಿ ಸಿಂಗಾಪುರದವರು ಏನಂದರು ಎಂದು ಟೈಲರ್ ಸಾಬರು ಆಸೆಯಿಂದ ಕೇಳಿದರು.

"ಅವರು ನೋಡಿದ್ರೆ ತಾನೇ ಸಾಬ್ರೇ? ನಾನು ಇಳೀಲೇ ಇಲ್ಲ" ಎಂದರು ದೊಡ್ಡಪ್ಪ, ಯಾವ ನಾಚಿಕೆಯೂ ಇಲ್ಲದೆ.

ಜಗುಲಿಗೆ ಜಗುಲಿಯೇ ಬಿದ್ದು ಬಿದ್ದು ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಸಮುದ್ರದಾಚೆವರೆಗೆ ಕರೆದುಕೊಂಡು ಹೋಗಿ ಈ ಮನುಷ್ಯ ಆ ಹೆಂಗಸಿಗೆ ಮಾಡಿದ್ದು ಇದನ್ನೇ? ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ದೊಡ್ಡಮ್ಮ, "ಅವರಲ್ಲ ಕಣ್ರೀ. ಇಳೀದೆ ಇದ್ದೋಳು ನಾನು" ಎಂದರು.

"ನೋಡಿ, ಗಂಡನ ಮರ್ಯಾದೆ ಉಳಿಸೋಕೆ ಏನ್ ಪಾಡು ಪಡ್ತಾಳೆ" ಎಂದು ದೊಡ್ಡಪ್ಪ ಅವರ ಮಾತನ್ನು ಅಲ್ಲೇ ಕತ್ತರಿಸಿದರು. ಜನ ಮೊದಲಿಗಿಂತ ಜೋರಾಗಿ ನಕ್ಕರು. ಯಾರು ತಾನೇ ದೊಡ್ಡಮ್ಮನನ್ನು ನಂಬುತ್ತಾರೆ ಹೇಳಿ? ನಾನೂ ನಂಬಲಿಲ್ಲ.

ಅಡಿಗೆಮನೆಗೆ ಹೋದೆ. ದೊಡ್ಡಮ್ಮ ಒಲೆಯ ಮುಂದೆ ಸುಮ್ಮನೆ ಕೂತಿದ್ದರು. ಕಾಫಿಗಿಟ್ಟ ಹಾಲು ಉಕ್ಕುವುದರಲ್ಲಿತ್ತು, ನಾನೇ ಇಳಿಸಿದೆ. ಆಮೇಲೆ ಅವರೇ ಹೇಳಿದರು.

ಹಡಗಿನ ಪಕ್ಕಕ್ಕೆ ಇಳಿಜಾರಾದ ಏಣಿ ಬಿಟ್ಟಿದ್ದರಂತೆ. ದೊಡ್ಡಪ್ಪ ಕೋಟು ಹಾಕಿಕೊಂಡು, ಎಲ್ಲರಿಗಿಂತ ಮುಂದಾಗಿ, ಸರಸರ ಇಳಿದೇಬಿಟ್ಟರಂತೆ. ಕೆಳಗೆ ನೆಲದ ಮೇಲೆ ನಿಂತು ಮೇಲಕ್ಕೆ ಕೈ ಚಾಚಿ ಕರೆದರಂತೆ. ದೊಡ್ಡಮ್ಮ ಏಣಿಯ ಮೇಲೆ ಒಂದು ಕಾಲಿಟ್ಟರು. ಏಣಿ ಅಲ್ಲಾಡಿತು, ಸಂದಿಯಲ್ಲಿ ಕರೀ ನೀರು ಕಾಣಿಸಿತು. ಇನ್ನೊಂದು ಕಾಲು ಏಳಲೇ ಇಲ್ಲ. ನೀವು ನೋಡಿಕೊಂಡು ಬನ್ನಿ ಎಂದು ಮೇಲಿನಿಂದಲೇ ಎಷ್ಟು ಹೇಳಿದರೂ ಕೇಳದೆ ದೊಡ್ಡಪ್ಪ ವಾಪಸ್ ಹತ್ತಿ ಬಂದರು. ಮರುದಿನವೂ ಇಬ್ಬರೂ ಸಿಂಗಾರವಾಗಿ ಏಣಿಯ ತನಕ ಬಂದರು. ಆವತ್ತೂ ದೊಡ್ಡಮ್ಮನ ಕೈಲಾಗಲಿಲ್ಲ.

"ಅತ್ತುಬಿಟ್ಟೆ ಕಣೋ. ಇಷ್ಟು ವರ್ಷ ಇಳೀರಿ ಇಳೀರಿ ಅಂತ ಅವರ ಪ್ರಾಣ ತಿಂದೋಳು ನಾನು. ಈಗ ಊರಿಗೆ ಏನಂತ ಮುಖ ತೋರಿಸ್ಲಿ ಅಂದೆ. ಅದಕ್ಕೆ ಅವರು, ನೀನು ಹೆದರಿದೆ ಅಂತ ಯಾರಿಗೂ ಹೇಳ್ಬೇಡ, ನನ್ನ ನೋಡಿ ನಗೋದು ಊರಿಗೆ ಹೇಗೂ ಅಭ್ಯಾಸ ಇದೆ, ಅಂದ್ರು. ದಿನಾ ಸಂಜೆ ನನ್ನ ಕೈ ಹಿಡ್ಕೊಂಡು ಡೆಕ್ಕಿನ ಮೇಲೇ ನಡೆಸೋರು. ಅಗೋ ಅದು ಪೇಟೆ, ಇಗೋ ಇದು ದೇವಸ್ಥಾನ ಅಂತ ದೂರದಿಂದ್ಲೇ ತೋರಿಸೋರು. ಪಾಪ, ಅವರಿಗೇನ್ ಗೊತ್ತು, ಎಲ್ಲಾ ಸುಳ್ಳೇ ಇರ್ಬೇಕು."

ಇಷ್ಟು ವರ್ಷ ಈ ಮನುಷ್ಯನ ಮೇಲೆ ಎಂಥ ಸಿಟ್ಟು ಇಟ್ಟುಕೊಂಡಿದ್ದೆನಲ್ಲ! ಓಡಿಹೋಗಿ ಅವರ ಕಾಲು ಹಿಡಿಯಬೇಕು, ಜಗುಲಿಯ ಜನಕ್ಕೆಲ್ಲ ಕೂಗಿ ಹೇಳಬೇಕು ಅನ್ನಿಸಿತು.

ಹೊರಗೆ ಬಂದೆ. ಟೈಲರ್ ಸಾಬರು ಆ ಕೋಟನ್ನು ಹಡಗಿಗೇ ತೊಡಿಸಿ ಬರಬಹುದಿತ್ತು ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ದೊಡ್ಡಪ್ಪ ಒಮ್ಮೆ ನನ್ನ ಮುಖ ನೋಡಿದರು, ಅಡಿಗೆಮನೆಯ ಬಾಗಿಲು ನೋಡಿದರು. ಅವರಿಗೆ ಗೊತ್ತಾಗಿಹೋಯಿತು. ಬೇಡ ಎಂಬಂತೆ ತಲೆಯಾಡಿಸಿದರು, ಬೇರೆ ಯಾರಿಗೂ ಕಾಣದ ಹಾಗೆ.

ನಾನೂ ಜಗುಲಿಯ ಮೇಲೆ ಕೂತು, ಎಲ್ಲರಿಗಿಂತ ಜೋರಾಗಿ ಅವರನ್ನು ನೋಡಿ ನಕ್ಕೆ.