ಮಡಿವಾಳ ಹಕ್ಕಿಗೊಂದು ಕ್ವಾರ್ಟರ್ಸ್

ಗುಡ್ಡ ಕುಸಿದು ಮೇಲೆ ಬಿದ್ದರೂ ಜಗ್ಗದ ಹಕ್ಕಿಮನೆ ಬೇಕಿದ್ದವರು ನಮ್ಮ ಸೋದರಮಾವನನ್ನು ಕಾಣಬಹುದು. ಅದರೊಳಗೆ ಹಕ್ಕಿಯೂ ಇರಬೇಕು ಎನ್ನುವವರು ಮಾತ್ರ ಬೇರೆ ಕಡೆ ವಿಚಾರಿಸುವುದು ಒಳ್ಳೆಯದು.

ಮಾವ ಚಿನ್ನದ ಗಣಿಯಲ್ಲಿ ಮರದ ಕೆಲಸ ಮಾಡುತ್ತಿದ್ದವರು. ಕುರ್ಚಿ ಮೇಜು ಮಾಡುವ ಕೆಲಸವಲ್ಲ. ಸುರಂಗದ ಸೂರು ಬೀಳದ ಹಾಗೆ ದಿಮ್ಮಿ ಕೊಟ್ಟು ನಿಲ್ಲಿಸುವ ಕೆಲಸ. ಗಣಿ ಮುಚ್ಚಿದಾಗ ಮಾವ ಮೇಲೆ ಬಂದರು, ಅವರ ಕೈ ಮಾತ್ರ ಇನ್ನೂ ಕೆಳಗೇ ಇದೆ. ಅತ್ತೆಗೆ ಅವರು ಮಾಡಿಕೊಟ್ಟ ಚಪಾತಿ ಮಣೆಯನ್ನು ಎತ್ತಲು ಇಬ್ಬರು ಬೇಕು!

ಬೆಂಗಳೂರಿನಲ್ಲಿ ಕಾಲೇಜು ಸೇರಿದಾಗ, ರೈಲಿಗೆ ಹತ್ತಿರವೆಂದು ನಾನು ನಂದಿದುರ್ಗ ಗಣಿಯ ಕಾರ್ಮಿಕರ ಲೈನಿನಲ್ಲಿರುವ ಮಾವನ ಮನೆಗೆ ಬಂದೆ. ಈಗ ಬೆಂಗಳೂರಿನಲ್ಲೇ ಒಂದು ಗ್ರಂಥಾಲಯದಲ್ಲಿ ಕೆಲಸ, ದಿನವೂ ರೈಲಿನ ಓಡಾಟ, ಮನೆ ಬದಲಾಗಿಲ್ಲ. ಹೀಗಾಗಿ ಈ ಹಕ್ಕಿಯ ಪ್ರಕರಣಕ್ಕೆ ನಾನು ಮೊದಲಿನಿಂದಲೂ ಸಾಕ್ಷಿ.

ಹಿಂದೆ ಶಿಫ್ಟಿಗೆ ಸೈರನ್ ಕೂಗಿದರೆ ಊರೇ ಏಳುತ್ತಿತ್ತಂತೆ. ಅದು ನಿಂತ ಮೇಲೆ ಮಾವನಿಗೆ ಬೆಳಗಾಯಿತೆಂದರೆ ನಂಬಿಕೆಯೇ ಬರುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಕಪ್ಪುಬಿಳುಪಿನ ಮಡಿವಾಳ ಹಕ್ಕಿಯೊಂದು ಬೆಳಕು ಹರಿಯುವ ಮೊದಲೇ ನಮ್ಮ ಸೂರಿನ ತುದಿಯಲ್ಲಿ ಕೂತು, ಬಾಲ ನಿಗುರಿಸಿ, ಒಂದೇ ಸಮನೆ ಸಿಳ್ಳೆ ಹಾಕಿತು. ಮಾವ ಥಟ್ಟನೆದ್ದು ಮುಖ ತೊಳೆದರು. ಹೋಗಲು ಎಲ್ಲಿಯೂ ಇಲ್ಲದ್ದರಿಂದ ಹಿತ್ತಲಿಗೆ ಹೋಗಿ ನಿಂತರು.

"ಡ್ಯೂಟಿ ಮಾಡ್ತೈತೆ ಅಂದ್ಮ್ಯಾಕೆ ಕ್ವಾರ್ಟರ್ಸ್ ಕೊಡಬ್ಯಾಡ್ವಾ?" ಎಂದರು.

"ನಮ್ಗೆ ಕೊಟ್ಟಿರೋ ಕ್ವಾರ್ಟರ್ಸು ಸೋರ್ತೈತೆ. ಮೊದ್ಲು ಅದನ್ನ ನೋಡಿ," ಎಂದರು ಅತ್ತೆ.

ಮೊದಲ ಪೆಟ್ಟಿಗೆ ನುಗ್ಗೆಮರಕ್ಕೆ ಏರಿತು. ನುಗ್ಗೆ ಕೊಂಬೆಗೆ ತನ್ನ ಕಾಯಿಯೇ ಭಾರ, ಇನ್ನು ಮಾವನ ಪೆಟ್ಟಿಗೆಯನ್ನು ಹೊರುವುದುಂಟೇ? ಸಂಜೆಯೊಳಗೆ ಕೊಂಬೆ ಮುರಿಯಿತು. ಕೆಳಗಿದ್ದ ಒಗೆಯುವ ಕಲ್ಲು ಎರಡು ಹೋಳಾಯಿತು. ಪೆಟ್ಟಿಗೆಯ ಮೇಲೆ ಒಂದು ಗೀರೂ ಇಲ್ಲ.

"ನೋಡ್ದಾ ತಾಯಿ, ಎಂಗಿತ್ತೋ ಅಂಗೇ ಐತೆ!" ಮಾವನ ಮುಖದಲ್ಲಿ ಗೆದ್ದ ಕಳೆ.

ಪಕ್ಕದ ಮನೆಯವರು ಗೋಡೆಯಾಚೆಯಿಂದ, "ಅಣ್ಣೇ, ಮರಕ್ಕೂ ಒಂದು ಸಪೋರ್ಟು ಕೊಟ್ಟಿದ್ರೆ ಆಗ್ತಿತ್ತಲ್ಲ?" ಎಂದರು. ಅವರು ಹೇಳಿದ್ದು ತಮಾಷೆಗೆ. ಮಾವ ಅಳತೆ ಟೇಪು ತರಲು ಒಳಗೆ ಹೋದರು.

ಎರಡನೆಯದನ್ನು ಹಿತ್ತಲ ಗೋಡೆಗೆ ಬಡಿದರು. ಇಣುಕಿ ನೋಡಿದೆ. ಒಳಗೆ ಮೂಲೆಗೊಂದು ಕಂಬ, ಮೇಲೆ ಅಡ್ಡತೊಲೆ, ನಡುವೆ ಇನ್ನೊಂದು ಆನಿಕೆ.

"ಮಾವ, ಹಕ್ಕಿ ಎಲ್ಲಿ ಕೂರಬೇಕು?"

"ಮೊದ್ಲು ಸೂರು ನಿಲ್ಬೇಕು ಕಣಮ್ಮ. ಕುಂತ್ಕೊಳ್ಳೋದು ಆಮ್ಯಾಕಿನ ಮಾತು."

ಬಹಳ ಚೌಕಾಸಿಯ ಮೇಲೆ, ಕಂಬಗಳಿಲ್ಲದ ಮೂರನೆಯ ಪೆಟ್ಟಿಗೆ ಗೋಡೆಗೇರಿತು. ಆದರೆ ಅದಕ್ಕೆ ಮುಂದೊಂದು ತೂತು, ಹಿಂದೊಂದು ತೂತು! ಆ ಹೊತ್ತಿಗೆ ಮಡಿವಾಳಕ್ಕೆ ಜೋಡಿಯೂ ಸಿಕ್ಕಿ, ಎರಡೂ ಮನೆ ಹುಡುಕುತ್ತಿದ್ದವು. ಹೆಣ್ಣು ಮುಂದಿನಿಂದ ಹೊಕ್ಕಿತು, ಹಿಂದಿನಿಂದ ಹೊರಬಿತ್ತು, ಬಂಗಾರಪೇಟೆಯಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ರೈಲಿನ ಹಾಗೆ.

ನಾನು ಗ್ರಂಥಾಲಯದಲ್ಲಿ ಓದಿಕೊಂಡು ಬಂದು, ಗೂಡಿಗೆ ಒಂದೇ ಬಾಗಿಲಿರಬೇಕು, ಒಳಗೆ ಕತ್ತಲಿರಬೇಕು ಎಂದೆ.

ಮಾವ ನನ್ನನ್ನು ಕನಿಕರದಿಂದ ನೋಡಿದರು. "ಒಂದೇ ದಾರಿನಾ? ಏನಾನ ಕುಸಿದ್ರೆ? ನಾನು ಯಾವತ್ತೂ ನಮ್ಮೋರನ್ನ ಒಂದೇ ದಾರಿ ಇರೋ ಕಡೆ ಬಿಟ್ಟೋನಲ್ಲ."

ಗೋಡೆಗೆ ಬಡಿದ ಹಲಗೆ ಪೆಟ್ಟಿಗೆಯಲ್ಲಿ ಏನು ಕುಸಿಯಬೇಕು? ಆದರೆ ಹೆಣ್ಣು ಹಕ್ಕಿ ಪಕ್ಕದ ಮನೆಯ ಒಡೆದ ಪೈಪಿಗೆ ಹುಲ್ಲು ಹೊರತೊಡಗಿದಾಗ ಮಾವನಿಗೆ ಊಟ ಸೇರದಾಯಿತು. ಅಷ್ಟು ಕಾದ ಹಕ್ಕಿ ಕಣ್ಣೆದುರೇ ಕೈತಪ್ಪುತ್ತಿತ್ತು. ತೂತು ಮುಚ್ಚಿದರೆ ಬಂದೀತು. ಮುಚ್ಚಲು ಕೈ ಬಾರದು. ಮಾವ ಪೆಟ್ಟಿಗೆಯ ಮುಂದೆ ಸುತ್ತಿಗೆ ಹಿಡಿದು ನಿಲ್ಲುವುದು, ಸುಮ್ಮನೆ ಒಳಗೆ ಬರುವುದು.

"ಒಡೀರಿ ಮೊಳೆ. ಇಲ್ದಿದ್ರೆ ಸುತ್ತಿಗೆ ನಂಗೆ ಕೊಡಿ," ಎಂದರು ಅತ್ತೆ.

ಕೊನೆಗೆ ಮಾವ ಮೊಳೆ ಹೊಡೆಯಲಿಲ್ಲ. ಹಿಂದಿನ ತೂತಿಗೆ ಮರದ ಬಿರಡೆ ಹಾಕಿ, ಬಿರಡೆಗೊಂದು ದಾರ ಕಟ್ಟಿ, ಅದನ್ನು ಕಿಟಕಿಯ ಮೂಲಕ ತಂದು ತಮ್ಮ ಮಂಚದ ಕಾಲಿಗೆ ಬಿಗಿದರು. ಅಪಾಯ ಬಂದರೆ ಎಳೆಯಲು! ಅತ್ತೆ ಆ ದಾರದ ಮೇಲೆ ಒದ್ದೆ ರವಿಕೆ ಒಣಹಾಕಿದ ದಿನ, ಮಾವ ಹಾಕಿದ ಕೂಗಿಗೆ, ನಮ್ಮ ಮನೆಯಲ್ಲಿ ಸೈರನ್ ಇಲ್ಲದ ಕೊರತೆ ಕಾಣಲಿಲ್ಲ.

ಹಕ್ಕಿಗಳು ಪೈಪು ಬಿಟ್ಟು ಬಂದವು. ಗೂಡಾಯಿತು, ಮೊಟ್ಟೆಯೂ ಆಯಿತು. ಮಾವನ ಕೆಲಸ ಮುಗಿಯಿತೇ? ಎಲ್ಲಿಯ ಮಾತು!

ಗಣಿಗೆ ಇಳಿಯುವಾಗ ಪ್ರತಿಯೊಬ್ಬರೂ ತಮ್ಮ ಹಿತ್ತಾಳೆ ಬಿಲ್ಲೆಯನ್ನು ಮೊಳೆಯಿಂದ ತೆಗೆದುಕೊಂಡು, ಮೇಲೆ ಬಂದು ಮತ್ತೆ ನೇತುಹಾಕಬೇಕಿತ್ತಂತೆ. ಮೊಳೆ ಖಾಲಿಯಿದ್ದರೆ ಯಾರೋ ಇನ್ನೂ ಕೆಳಗಿದ್ದಾರೆ ಎಂದು ಅರ್ಥ. ನಮ್ಮ ಬಾಗಿಲ ಪಕ್ಕದ ಹಲಗೆಯಲ್ಲಿ ಮೂರು ಮೊಳೆಗಳಿವೆ. ಗಂಡಿಗೊಂದು, ಹೆಣ್ಣಿಗೊಂದು ಬಿಲ್ಲೆ. ಹಕ್ಕಿಗಳಿಗೆ ಜೇಬಿಲ್ಲವಲ್ಲ, ಹಗಲೆಲ್ಲ ಬಿಲ್ಲೆಗಳು ಮಾವನ ಅಂಗಿಯ ಜೇಬಿನಲ್ಲಿ ಝಣಝಣ ಎನ್ನುತ್ತವೆ. ಸಂಜೆ ಹೆಣ್ಣು ಗೂಡಿಗೆ, ಗಂಡು ಕರಿಬೇವಿನ ಮರಕ್ಕೆ ಬಂದ ಮೇಲೆಯೇ ಅವು ಮೊಳೆ ಸೇರುವುದು. ಅಲ್ಲಿಯವರೆಗೆ ಯಾರಿಗೂ ಊಟವಿಲ್ಲ.

"ಅವು ಬರಾಗಂಟ ನಮ್ ಮುದ್ದೆ ಆರ್ಬೇಕು," ಎಂದು ಅತ್ತೆ ಗೊಣಗುವರು.

ಹಕ್ಕಿ ಬರುವ ಮೊದಲು ಆ ಹಲಗೆಯತ್ತ ನಾನು ಕಣ್ಣು ಹಾಯಿಸಿದವಳೇ ಅಲ್ಲ; ಮೂರನೆಯ ಮೊಳೆ, ಅದರ ಬಿಲ್ಲೆ ಎರಡೂ ಮುಂದೆ ಬರುವ ಮರಿಗಳಿಗಿರಬೇಕು ಎಂದುಕೊಂಡಿದ್ದೆ.

ಮೊನ್ನೆ ರೈಲು ದಾರಿಯಲ್ಲೇ ನಿಂತುಬಿಟ್ಟಿತು. ನನ್ನ ಫೋನಿನ ಚಾರ್ಜೂ ಮುಗಿದಿತ್ತು. ಮನೆ ತಲುಪಿದಾಗ ಮಾವ ಗೇಟಿನ ಬಳಿ ನಿಂತಿದ್ದರು. ಒಳಗೆ ಹೋಗಿ ಜೇಬಿನಿಂದ ಒಂದು ಬಿಲ್ಲೆ ತೆಗೆದು ಮೂರನೆಯ ಮೊಳೆಗೆ ಹಾಕಿದರು. ಪಕ್ಕದ ಎರಡು ಆಗಲೇ ನೇತಾಡುತ್ತಿದ್ದವು.

"ಬಡ್ಸೇ," ಎಂದರು ಅತ್ತೆಗೆ.

ಮಾವ ಕೈ ತೊಳೆಯಲು ಹೋದಾಗ ಅತ್ತೆಯನ್ನು ಕೇಳಿದೆ: "ಅದು ಮರಿಗಳದ್ದಲ್ಲವಾ?"

"ಯಾವ ಮರಿ? ನೀನು ಕಾಲೇಜಿಗೆ ಓಗಕ್ಕೆ ಶುರು ಮಾಡ್ದಾಗಿಂದ ಐತೆ ಆ ಮೊಳೆ. ಪಕ್ಕದ ಎರಡು ಮೊಳೆ ಈಗ್ಲಲ್ವಾ ಒಡ್ದಿದ್ದು."

ಮುದ್ದೆ ತಣ್ಣಗಿತ್ತು, ಒಂದು ಹೆಚ್ಚೇ ತಿಂದೆ.

ಮರುದಿನ ಮಡಿವಾಳ ಕೂಗಿದಾಗಲೇ ಎದ್ದೆ. ಹೊರಡುವಾಗ ಮೂರನೆಯ ಬಿಲ್ಲೆಯನ್ನು ನಾನೇ ತೆಗೆದು ಚೀಲದೊಳಗೆ ಹಾಕಿಕೊಂಡೆ. ಮಾವ ಪೆಟ್ಟಿಗೆಯ ಕಡೆಯೇ ನೋಡುತ್ತಿದ್ದರು.

"ಕಳೀಬ್ಯಾಡ," ಎಂದರು, ತಿರುಗದೆ. "ಸಾಯಂಕಾಲ ನಿನ್ ಕೈಯಾರೆ ಮೊಳೆಗೆ ಆಕ್ಬೇಕು."