ಕಡಲ ಪಾಚಿ, ಕಾಲುವೆ ಪಾಚಿ

ಮಸ್ಕಿಯಲ್ಲಿ ಹುಟ್ಟಿ, ಕಾರವಾರದ ಲ್ಯಾಬಿನಲ್ಲಿ ಕಡಲ ಪಾಚಿ ನೋಡುವ ನನಗೆ ಊರಿಗೆ ಬಂದಾಗಲೆಲ್ಲ ಏನಾದರೊಂದು ಆಗದೆ ಇರುವುದಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ಸಿಟ್ಟಾಗುವುದನ್ನೇ ಬಿಟ್ಟಿದ್ದೇನೆ.

ಪಗಾರ

ನನ್ನ ನೌಕರಿ ಏನೆಂದು ಅಜ್ಜಿ ಕೇಳಿದಳು. ಕಡಲ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ, ಗಿಡದ ಹಾಗೆ ಬಿಸಿಲಿನಿಂದ ಬದುಕುತ್ತದೆ, ಅದರ ಡಿಎನ್‌ಎ ಓದಿ ಯಾವುದು ಯಾವ ಕುಲದ್ದೆಂದು ಗುರುತಿಸುತ್ತೇವೆ ಎಂದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು.

"ಪಾಚಿ ಕಣ್ಣಿಗೆ ಕಾಣಂಗಿಲ್ಲಂತಿ. ಪಗಾರಾದ್ರೂ ಕಾಣ್ತೈತೇನವ್ವಾ?"

ಮೇವು

ಲಿಂಗಸುಗೂರಿನ ಶಾಲೆಯ ಮಕ್ಕಳಿಗೆ ತೋರಿಸಲೆಂದು ಒಂದು ಬಾಟಲಿ ಹಸಿರು ಕಡಲ ನೀರು ಹಿಡಿದು ಮುದಗಲ್ಲಿನಲ್ಲಿ ಬಸ್ ಹತ್ತಿದೆ. ಕಂಡಕ್ಟರ್ ಏನೆಂದು ಕೇಳಿದ.

"ಸಮುದ್ರದ ಪಾಚಿರೀ. ಮೀನಿಗೆ ಇದೇ ಮೇವು."

"ಅಷ್ಟು ದೂರ ಹೋಗಿ ಮೀನ ಅಲ್ಲೇ ಬಿಟ್ಟು, ಮೇವು ಹೊತಗೊಂಡು ಬಂದೀರಲ್ರೀ ಮೇಡಂ!"

ಬಸ್ಸಿಗೆ ಬಸ್ಸೇ ನಕ್ಕಿತು.

ತೀರ್ಪು

ವಳಕಮದಿನ್ನಿಯ ನನ್ನ ಸೋದರಮಾವನ ಭತ್ತದ ಗದ್ದೆಯಲ್ಲಿ ಪಾಚಿ ಕಟ್ಟಿ ಎಳೆ ಸಸಿ ಮುಚ್ಚತೊಡಗಿತ್ತು. ಮೇಲಿನ ಗದ್ದೆಯವನ ನೀರಿನಿಂದಲೇ ಬಂತೆಂದು ಮಾವನ ವಾದ. ಕಾಲುವೆಯಿಂದ ಬಂತೆಂದು ಅವನ ವಾದ. ಅವನದೆಂದು ಸಾಬೀತಾದರೆ ಅವನೇ ಆಳು ಹಚ್ಚಿ ತೆಗೆಸಬೇಕೆಂದು ಊರ ಹಿರಿಯರು ಹೇಳಿದರು. ಎರಡು ಮನೆಗಳ ನಡುವೆ ಮಾತು ನಿಂತಿತು. ಮಾವ ಎರಡೂ ಗದ್ದೆಯ ನೀರನ್ನು ಬಾಟಲಿಗಳಲ್ಲಿ ತಂದು ನನ್ನ ಕೈಗಿಟ್ಟ.

"ಟಿವಿಯಾಗ ಕೂಸಿನ ಅಪ್ಪ ಯಾರಂತ ತೋರಸ್ತಾರಲ್ಲ, ಆ ಟೆಸ್ಟ್ ಮಾಡವ್ವಾ."

ಮಾವನಿಗೆ ಇಲ್ಲವೆನ್ನಲು ನನಗೆ ಧೈರ್ಯವಿಲ್ಲ. ಕಾರವಾರಕ್ಕೆ ಮರಳಿ, ಪರೀಕ್ಷೆಗೆ ಕಾದಿದ್ದ ಕಡಲ ಪಾಚಿಗಳ ಸಾಲಿನಲ್ಲಿ ಇವೆರಡನ್ನೂ ತೂರಿಸಿ, ಡಿಎನ್‌ಎ ಓದಿ, ಫೋನ್ ಮಾಡಿದೆ. ಮಾವ ಹಿರಿಯರ ನಡುವೆ ಕೂತು ಸ್ಪೀಕರ್ ಹಚ್ಚಿದ.

"ಎರಡೂ ಒಂದೇ ಜಾತಿ ಅದಾವ್ರೀ. ಆದರ ಯಾರ ಗದ್ದಿಯಿಂದ ಯಾರ ಗದ್ದಿಗೆ ಬಂತು, ಹೇಳಾಕ ಬರಂಗಿಲ್ಲ" ಎಂದೆ.

"ಅವಂದೇ!" ಎಂದ ಮಾವ.

"ನಂದಲ್ಲ, ದೇವರಾಣಿ!" ಎಂದ ಮೇಲಿನ ಗದ್ದೆಯವನು.

ದನಿಗಳು ಏರಿದವು. ಕೈ ಕೈ ಮಿಲಾಯಿಸುತ್ತಾರೆಂದು ನನಗೆ ಹೆದರಿಕೆಯಾಯಿತು.

"ಬಡದಾಡಬ್ಯಾಡ್ರಿ! ಇದು ನೀಲಿ ಹಸಿರು ಪಾಚಿ. ಗಾಳಿಯಾಗಿನ ಸಾರಜನಕ ಹಿಡದು ಗದ್ದಿಗೆ ಗೊಬ್ಬರ ಮಾಡ್ತೈತಿ. ಯೂರಿಯಾದ ಖರ್ಚು ಒಂದೀಟು ಉಳೀತೈತಿ."

ಮೇಲಿನ ಗದ್ದೆಯವನು ಗಂಟಲು ಸರಿಮಾಡಿಕೊಂಡ.

"ಹಿರೇರು ಕೇಳ್ರಿ. ನೀರು ಮ್ಯಾಲಿಂದ ಕೆಳಗ ಹರೀತೈತಿ. ಪಾಚಿ ನಂದೇ. ಬುಟ್ಟಿ ತುಂಬಿ ವಾಪಸ್ ಕೊಡು ಅಂತ ಅವಗ ಹೇಳ್ರಿ."

"ಮುಟ್ಟಿ ನೋಡಲೇ!" ಮಾವ ಕೂಗಿದ. "ನನ್ನ ಗದ್ದ್ಯಾಗ ಹುಟ್ಟಿದ ಕೂಸದು!"